ಸಾಲಿಯೊಳಗಿನ ಸಾಲುಗಳು

ಪ್ರಶಿಕ್ಷಣಾರ್ಥಿಯನ್ನು ಮೊದಲ ಸಲ ಸಾಲಿಗೆ ಕಳಿಸುವಾಗ ಕಾಲೇಜಿನವರು ಬೇಕಾದ್ದನ್ನೆಲ್ಲ ಕಲಿಸಿಯೇ ಕಳಿಸುತ್ತಾರೆ. ಪಾಠಯೋಜನೆ ಹೇಗೆ ಬರೆಯಬೇಕು, ಪೀಠಿಕೆಗೆ ಎಷ್ಟು ನಿಮಿಷ, ಫಲಕದ ಯಾವ ಮೂಲೆಗೆ ದಿನಾಂಕ, ಖಡು ಹೇಗೆ ಹಿಡಿದರೆ ಕಿರಗುಡುವುದಿಲ್ಲ, ಎಲ್ಲ. ಮಗುವಿನ ಮನಸ್ಸಿನ ಬಗ್ಗೆ ದೊಡ್ಡ ದೊಡ್ಡ ಸಾಹೇಬರು ಬರೆದ ಸಿದ್ಧಾಂತಗಳೂ ಬಾಯಿಪಾಠ ಆಗಿರುತ್ತವೆ. ಆದರೆ ವರ್ಗದೊಳಗೆ ನಲವತ್ತು ಮಕ್ಕಳು ಕೂತಿದ್ದಾರಲ್ಲ, ಅವರು ಹಾಗೆಯೇ ಯಾಕೆ ಕೂತಿದ್ದಾರೆ? ಈ ಪ್ರಶ್ನೆ ನಮ್ಮ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ. ಅದಕ್ಕೆ ಉತ್ತರ ಮನಶ್ಶಾಸ್ತ್ರದ ಪುಸ್ತಕದಲ್ಲಿಲ್ಲ, ಚರಿತ್ರೆಯಲ್ಲಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣೆ, ದೂಧಗಂಗೆ, ವೇದಗಂಗೆಯರು ಹರಿಯುವ ಈ ಸೀಮೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಅಭ್ಯಾಸ ಪಾಠಕ್ಕೆ ಹೋದೆ. ಏಳನೇ ವರ್ಗ. ಊರಿನ ಹೆಸರು ಬೇಡ, ಅಂಥ ಸಾಲಿ ಅದೊಂದೇ ಅಲ್ಲ. ಮೊದಲ ದಿನ ಪಾಠ ಮಾಡುವಂತಿಲ್ಲ. ಹಿಂದೆ ಕೂತು ನೋಡಬೇಕು, ಕಂಡದ್ದನ್ನು ಬರೆದುಕೊಳ್ಳಬೇಕು. ಅವತ್ತು ಸಂಜೆ ನನ್ನ ವಹಿಯಲ್ಲಿ ಉಳಿದದ್ದು ಐದು ಶಬ್ದ: ಹೊಸ್ತಿಲು, ಸಾಲು, ನೀರು, ಹಾಜರಿ, ಕುರ್ಚಿ. ಒಂದೊಂದರ ಹಿಂದೆ ಹೋದಂತೆ ನೂರಾ ಎಪ್ಪತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಯಿತು. ನಮ್ಮ ಅಪ್ಪ ಅವ್ವ ಸಾಲಿ ಕಂಡವರಲ್ಲ. ಹಾಗಾಗಿ ಈ ಚರಿತ್ರೆ ನನಗೆ ಮನೆಯಲ್ಲಿ ಸಿಗಲಿಲ್ಲ. ಹದಿನೇಳು ವರ್ಷ ಓದಿದ ಸಾಲಿ ಕಾಲೇಜುಗಳಲ್ಲೂ ಸಿಗಲಿಲ್ಲ. ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊಸ್ತಿಲು.

ಇವತ್ತು ಯಾವ ಮಗುವನ್ನೂ ಸಾಲಿಯ ಹೊಸ್ತಿಲ ಹೊರಗೆ ನಿಲ್ಲಿಸುವಂತಿಲ್ಲ. ೨೦೧೦ರ ಏಪ್ರಿಲ್ ೧ರಿಂದ ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕಲಿಯುವುದು ಹಕ್ಕು, ಯಾರೋ ಕೊಟ್ಟ ಭಿಕ್ಷೆ ಅಲ್ಲ. ಆದರೆ ನಮ್ಮ ಕಡೆ ಈ ಬಾಗಿಲನ್ನು ಮೊದಲು ಬಡಿದವರು ಯಾರು? ಒಬ್ಬ ಹುಡುಗ. ಧಾರವಾಡದ ಸರಕಾರಿ ಸಾಲಿಯಲ್ಲಿ ಅವನನ್ನು ಸೇರಿಸಿಕೊಳ್ಳಲಿಲ್ಲ, ಮಹಾರ ಜಾತಿಯವನು ಅಂತ. ೧೮೫೬ರ ಜೂನ್ ತಿಂಗಳಲ್ಲಿ ಅವನ ಅರ್ಜಿ ಮುಂಬಯಿ ಸರಕಾರದ ಮುಂದೆ ಹೋಯಿತು. ಸರಕಾರ ಕೊಟ್ಟ ಉತ್ತರ ಕೇಳಿರಿ: ನ್ಯಾಯ ನಿನ್ನ ಕಡೆಗೇ ಇದೆ, ಆದರೆ ಒಬ್ಬನ ಸಲುವಾಗಿ ಬಹುಕಾಲದ ಪೂರ್ವಗ್ರಹವನ್ನು ಒಮ್ಮೆಲೇ ಮುರಿಯಲು ಬರುವುದಿಲ್ಲ. ನಿನ್ನನ್ನು ಒಳಗೆ ಬಿಟ್ಟರೆ ಉಳಿದವರು ಎದ್ದು ಹೋಗುತ್ತಾರೆ.

ನ್ಯಾಯ ನಿನ್ನದು, ಬಾಗಿಲು ಮಾತ್ರ ಅವರದು! ಈ ನೂರಾ ಎಪ್ಪತ್ತು ವರ್ಷಗಳಲ್ಲಿ ನಮ್ಮ ಜನ ಈ ಉತ್ತರವನ್ನು ಎಷ್ಟು ಕಚೇರಿಗಳಲ್ಲಿ, ಎಷ್ಟು ಬಗೆಯಲ್ಲಿ ಕೇಳಿಲ್ಲ?

ಹುಡುಗ ಸೋತರೂ ಅವನ ಅರ್ಜಿ ಸಾಯಲಿಲ್ಲ. ಅದು ಕಲಕತ್ತೆಗೆ ಹೋಯಿತು. ೧೮೫೭ರ ಜನವರಿಯಲ್ಲಿ ಗವರ್ನರ್ ಜನರಲ್ ಸರಕಾರ, ಬಂಗಾಲದಲ್ಲಾಗಿದ್ದರೆ ಈ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂದು ಬರೆಯಿತು. ಅದು ಲಂಡನ್ನಿಗೆ ಹೋಯಿತು. ೧೮೫೮ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರಕಾರಿ ಸಾಲಿಗಳು ಭೇದವಿಲ್ಲದೆ ಎಲ್ಲ ವರ್ಗದವರಿಗೂ ಸೇರಿದವು ಎಂದು ಹೇಳಿದರು. ಒಬ್ಬ ಹುಡುಗನ ಒಂದು ಕಾಗದ ಸಮುದ್ರ ದಾಟಿ ತತ್ತ್ವವೊಂದನ್ನು ಗೆದ್ದುಕೊಂಡು ಬಂತು. ೧೯೨೮ರಲ್ಲಿ ಸೈಮನ್ ಆಯೋಗದ ಮುಂದೆ ಮುಂಬಯಿ ಪ್ರಾಂತದ ದಲಿತರ ಶಿಕ್ಷಣದ ಸ್ಥಿತಿಯನ್ನು ಇಡುವಾಗ ಬಾಬಾಸಾಹೇಬ ಅಂಬೇಡ್ಕರರು ಈ ಧಾರವಾಡದ ಪ್ರಕರಣವನ್ನು ಮತ್ತೆ ಎತ್ತಿ ಹೇಳಿದರು. ಅರ್ಜಿಯ ಹಿಂದಿನ ವರ್ಷ, ೧೮೫೫ರಲ್ಲಿ, ಪುಣೆಯಲ್ಲಿ ಜೋತೀರಾವ್ ಮತ್ತು ಸಾವಿತ್ರಿಬಾಯಿ ಫುಲೆಯವರ ಸಾಲಿಯಲ್ಲಿ ಕಲಿಯುತ್ತಿದ್ದ ಮಾಂಗ ಸಮುದಾಯದ ಹುಡುಗಿ ಮುಕ್ತಾ ಸಾಳವೆ ತನ್ನ ಜನರ ದುಃಖದ ಬಗ್ಗೆ ಪ್ರಬಂಧ ಬರೆದಿದ್ದಳು. ಅವಳಿಗೆ ಆಗ ಹದಿನಾಲ್ಕು ವರ್ಷ. ಅಂದರೆ ನಮ್ಮ ಶಿಕ್ಷಣದ ಚರಿತ್ರೆ ಆಯೋಗಗಳಿಂದ ಸುರುವಾಗಿಲ್ಲ, ಮಕ್ಕಳಿಂದ ಸುರುವಾಗಿದೆ. ಏಳನೇ ವರ್ಗದ ವಯಸ್ಸಿನ ಮಕ್ಕಳಿಂದ!

ಆದರೆ ತತ್ತ್ವ ಬೇರೆ, ಸಾಲಿ ಬೇರೆ. ಬಾಗಿಲು ತೆರೆದ ಮೇಲೆ ಗೆರೆ ಅಳಿಸಿಹೋಯಿತು ಎಂದು ತಿಳಿಯಬಾರದು. ಅದು ಹೊಸ್ತಿಲು ಬಿಟ್ಟು ಒಳಗೆ ಬಂದು ಕೂತಿತು.

ಸಾಲು ಅಂದದ್ದು ಇದಕ್ಕೆ.

ನಾನು ಕಂಡ ವರ್ಗದಲ್ಲಿ ಯಾರೂ ಯಾರಿಗೂ ಇಲ್ಲಿ ಕೂಡು, ಅಲ್ಲಿ ಕೂಡು ಎಂದು ಹೇಳಿರಲಿಲ್ಲ. ಆದರೂ ಊರಿನ ನಕಾಶೆ ಹಾಗೇ ವರ್ಗದೊಳಗೆ ಇಳಿದಿತ್ತು. ಅಗಸಿಯ ಒಳಗಿನ ಮನೆಗಳು ಮುಂದಿನ ಸಾಲಿನಲ್ಲಿ, ಹಳ್ಳದ ಆಚೆಯ ಮನೆಗಳು ಹಿಂದಿನ ಗೋಡೆಗೆ. ಬಿಡುವಿನಲ್ಲಿ ಹಿಂದಿನ ಸಾಲಿನ ಒಬ್ಬನನ್ನು ಕೇಳಿದೆ.

"ಯಾಕೋ ತಮ್ಮಾ, ಮುಂದ ಜಾಗಾ ಐತಿ, ಇಲ್ಲಿ ಯಾಕ ಕುಂತೀ?"

"ನಾವು ಒಂದಽ ಓಣಿಯವ್ರು ರೀ ಸರ, ಕೂಡೇ ಕುಂದರ್ತೀವಿ."

"ಮೊದಲಿಂದಾನೂ?"

"ನಮ್ಮ ಅಣ್ಣಾನೂ ಇಲ್ಲೇ ಕುಂತಿದ್ದ ರೀ."

ಬೆಂಚು ಅಣ್ಣನಿಂದ ತಮ್ಮನಿಗೆ ಬಂದಿದೆ, ಹೊಲ ಬಂದಂತೆ. ಹೊಲ ಇಲ್ಲದವರಿಗೆ ಇದೊಂದು ಆಸ್ತಿ! ಈ ಸಾಲನ್ನು ಯಾರೂ ಎಳೆದಿಲ್ಲ ಎನ್ನುವವರು ಸ್ವಲ್ಪ ಹಿಂದಕ್ಕೆ ನೋಡಬೇಕು. ಧಾರವಾಡದ ಪ್ರಕರಣದ ನಂತರ ಬಹಳ ಕಡೆ ಕಂಡುಕೊಂಡ ಉಪಾಯ ಎರಡೇ. ಒಂದು, ಅಸ್ಪೃಶ್ಯರಿಗೆ ಬೇರೆ ಸಾಲಿ. ಇನ್ನೊಂದು, ಅದೇ ಸಾಲಿಯಲ್ಲಿ ಬೇರೆ ಜಾಗ: ಪಡಸಾಲೆಯ ಮೂಲೆ, ಬಾಗಿಲ ಹೊರಗು. ೧೮೮೨ರ ಹಂಟರ್ ಆಯೋಗ ಕೂಡ, ಜಾತಿಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದು ಎಂಬ ತತ್ತ್ವವನ್ನು ಒಪ್ಪಿಯೂ, ಅದನ್ನು ಎಚ್ಚರದಿಂದ ಜಾರಿ ಮಾಡಿ, ಬೇಕಾದಲ್ಲಿ ಬೇರೆ ಸಾಲಿ ತೆರೆಯಿರಿ ಎಂಬ ದಾರಿ ಹಿಡಿಯಿತು. ಆ ಎಚ್ಚರ ಯಾರ ಸಲುವಾಗಿ? ಒಳಗಿದ್ದವರ ಸಲುವಾಗಿ. ಹೊರಗಿದ್ದವರ ಸಲುವಾಗಿ ಅಲ್ಲ.

ನಮ್ಮ ಐದು ತಾಲೂಕುಗಳ ಚರಿತ್ರೆಯಲ್ಲಿ ಇಲ್ಲೊಂದು ವಿಚಿತ್ರ ಇದೆ. ಇವತ್ತು ಒಂದೇ ಶೈಕ್ಷಣಿಕ ಜಿಲ್ಲೆಯಲ್ಲಿರುವ ಈ ಊರುಗಳು ಆಗ ಒಂದೇ ಆಳ್ವಿಕೆಯಲ್ಲಿ ಇರಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಕಾಗವಾಡದ ಸುತ್ತಮುತ್ತ ಪಟವರ್ಧನ ಮನೆತನದ ಸಂಸ್ಥಾನಗಳ ಹಳ್ಳಿಗಳು ಚದುರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಕೊಲ್ಹಾಪುರ ಅಂದರೆ ಶಾಹೂ ಮಹಾರಾಜರು. ೧೯೦೨ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ ೫೦ ಮೀಸಲಿಟ್ಟವರು. ೧೯೦೮ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗೆ ಮಿಸ್ ಕ್ಲಾರ್ಕ್ ಹೆಸರಿನ ವಸತಿಗೃಹ ಆಯಿತು. ೧೯೧೭ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮತ್ತು ಉಚಿತ. ೧೯೧೯ರಲ್ಲಿ ಇದೆಲ್ಲಕ್ಕಿಂತ ದೊಡ್ಡ ಮಾತು: ಅಸ್ಪೃಶ್ಯರ ಬೇರೆ ಸಾಲಿಗಳನ್ನು ಮುಚ್ಚಿ, ಅವರ ಮಕ್ಕಳನ್ನು ಎಲ್ಲರ ಸಾಲಿಗೆ ಸೇರಿಸಿಕೊಳ್ಳಬೇಕು, ಎಲ್ಲರ ಜೊತೆ ಕೂಡಿಸಬೇಕು. ಅಸ್ಪೃಶ್ಯರನ್ನು ಸಮನಾಗಿ ನಡೆಸಿಕೊಳ್ಳಲು ಒಪ್ಪದ ನೌಕರರು ಆರು ವಾರದೊಳಗೆ ರಾಜೀನಾಮೆ ಕೊಡಬೇಕು ಎಂದು ಅದೇ ವರ್ಷದ ಆಜ್ಞೆ ಹೇಳಿತು.

ಬ್ರಿಟಿಷ್ ಸೀಮೆಯಲ್ಲಿ ಏನಾಗಿತ್ತು? ಅಸ್ಪೃಶ್ಯ ಮಕ್ಕಳಿಗೆ ಪ್ರವೇಶ ನಿರಾಕರಿಸುವ ಅನುದಾನಿತ ಸಂಸ್ಥೆಗಳಿಗೆ ಅನುದಾನ ಕೊಡುವುದಿಲ್ಲ ಎನ್ನಲು ಮುಂಬಯಿ ಸರಕಾರ ೧೯೨೩ರವರೆಗೆ ಕಾಯಿತು. ಸಮುದ್ರದಾಚೆಯಿಂದ ತತ್ತ್ವ ಬಂದು ಅರವತ್ತೈದು ವರ್ಷ ಆಗಿತ್ತು. ರಾಯಬಾಗಕ್ಕೂ ಚಿಕ್ಕೋಡಿಗೂ ನಡುವೆ ಎಷ್ಟು ಹರದಾರಿ? ಅಷ್ಟರೊಳಗೇ ಕಾಯಿದೆ ಬದಲಾಗುತ್ತಿತ್ತು. ಹುಟ್ಟಿದ ಜಾತಿಯಷ್ಟೇ ಅಲ್ಲ, ಹುಟ್ಟಿದ ಊರು ಯಾರ ಆಳ್ವಿಕೆಯಲ್ಲಿದೆ ಅನ್ನುವುದೂ ಒಂದು ಮಗುವಿನ ಹಣೆಬರಹ ಬರೆಯುತ್ತಿತ್ತು. ಆದ್ದರಿಂದ ಇದು ಹಣೆಬರಹ ಅಲ್ಲವೇ ಅಲ್ಲ. ಆಳುವವರು ಬರೆಯುವ ಬರಹ. ಬರೆದದ್ದನ್ನು ಅಳಿಸಲು ಬರುತ್ತದೆ ಎಂದು ೧೯೧೯ರ ಕೊಲ್ಹಾಪುರ ತೋರಿಸಿತು.

ಕೊಲ್ಹಾಪುರ ೧೯೪೯ರ ಮಾರ್ಚ್ ೧ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆಮೇಲೆ ಗಡಿಯ ಜಗಳ. ೧೯೬೬ರಲ್ಲಿ ಮಹಾಜನ ಆಯೋಗ, ೧೯೬೭ರಲ್ಲಿ ಅದರ ವರದಿ. ನಿಪ್ಪಾಣಿ ಯಾರದು ಎನ್ನುವುದರ ಮೇಲೆ ಎಷ್ಟು ಮೆರವಣಿಗೆ, ಎಷ್ಟು ಬಂದ್, ಎಷ್ಟು ಕಲ್ಲು! ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಆಡುವ ಮಕ್ಕಳು ಹಿಂದಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡಿದರು. ಗೆಳೆಯರೆ, ರಾಜ್ಯ ರಾಜ್ಯಗಳ ನಡುವಿನ ಗಡಿಗೆ ಆಯೋಗ ಬಂತು. ಬೆಂಚು ಬೆಂಚುಗಳ ನಡುವಿನ ಗಡಿಗೆ ಯಾವ ಆಯೋಗ ಬಂತು?

ಇನ್ನು ನೀರು.

ನಮ್ಮ ಸೀಮೆಗೆ ಬರುವ ಕೃಷ್ಣೆ ಸಾತಾರೆಯ ಬದಿಯಿಂದಲೇ ಹರಿದು ಬರುತ್ತದೆ. ಆ ಸಾತಾರೆಯ ಸಾಲಿಯಲ್ಲಿ ಬಾಲಕ ಭೀಮರಾವ್ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂತು ಕಲಿತರು. ಸಂಜೆ ಆ ತಟ್ಟನ್ನು ಮನೆಗೆ ಒಯ್ಯಬೇಕು, ಮರುದಿನ ತರಬೇಕು. ಸಾಲಿಯ ಜವಾನ ಅದನ್ನು ಮುಟ್ಟುವುದಿಲ್ಲ. ನೀರಡಿಸಿದರೆ ಜವಾನನೇ ಮೇಲಿನಿಂದ ಹೊಯ್ಯಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಹೀಗೆ ನೀರಡಿಸಿ ಕಲಿತ ಹುಡುಗ ದೊಡ್ಡವನಾಗಿ ಮಹಾಡದ ಕೆರೆಗೆ ಇಳಿದ. ಸಾರ್ವಜನಿಕ ಕೆರೆ, ಬಾವಿ, ಸಾಲಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ಎಸ್. ಕೆ. ಬೋಲೆಯವರ ಠರಾವನ್ನು ಮುಂಬಯಿ ವಿಧಾನ ಪರಿಷತ್ತು ೧೯೨೩ರ ಆಗಸ್ಟ್‌ನಲ್ಲೇ ಒಪ್ಪಿತ್ತು. ಠರಾವು ಕಾಗದದಲ್ಲೇ ಉಳಿದದ್ದಕ್ಕೆ ೧೯೨೭ರ ಮಾರ್ಚ್ ೨೦ರಂದು ಸಾವಿರಾರು ಜನ ನಡೆದು ಹೋಗಿ ಚವದಾರ ಕೆರೆಯ ನೀರು ಕುಡಿಯಬೇಕಾಯಿತು.

ಇವತ್ತಿನ ಸಾಲಿಯ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಳ ಒಂದೇ. ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಸುರುವಾದ ಬಿಸಿಯೂಟ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅವತ್ತು ನಾನು ಕಂಡಂತೆ ಎಲ್ಲ ಮಕ್ಕಳೂ ಒಂದೇ ಪಡಸಾಲೆಯಲ್ಲಿ ತಾಟು ಹಿಡಿದು ಕೂತು ಉಂಡರು. ಇದು ಸಣ್ಣ ಗೆಲುವಲ್ಲ. ನಮ್ಮ ಅಜ್ಜಂದಿರು ಕನಸಿನಲ್ಲೂ ಕಾಣದ ಪಂಕ್ತಿ ಅದು. ಆದರೆ ವರ್ಗದೊಳಗೆ ಮನೆಯಿಂದ ತಂದ ನೀರಿನ ಬಾಟಲಿಗಳಿದ್ದವಲ್ಲ, ಅವು ಮುಂದಿನ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು, ಹಿಂದಿನ ಸಾಲಿನಲ್ಲೂ ಕೈಯಿಂದ ಕೈಗೆ ಹೋಗುತ್ತಿದ್ದವು. ನಡುವಿನ ಜಾಗ ಮಾತ್ರ ದಾಟುತ್ತಿರಲಿಲ್ಲ. ಸರಕಾರದ ಅನ್ನ ಗೆರೆ ದಾಟಿದೆ. ಮನೆಯ ನೀರು ಇನ್ನೂ ದಾಟಿಲ್ಲ.

ಹಾಜರಿಗೆ ಬರೋಣ. ಹಾಜರಿ ಪುಸ್ತಕ ಓದಲು ಬಂದವನಿಗೆ ಈ ಸೀಮೆಯ ಅರ್ಥವ್ಯವಸ್ಥೆ ಓದಲು ಬರುತ್ತದೆ.

ಕಾರ್ಖಾನೆಯ ಹಂಗಾಮು ಸುರುವಾದರೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ಸಾಲಾಗಿ ಬೀಳುತ್ತದೆ. ಆ ಮಕ್ಕಳ ಅಪ್ಪ ಅವ್ವ ಕಬ್ಬು ಕಡಿಯಲು ಹೋಗಿರುತ್ತಾರೆ. ಸಣ್ಣ ಕೂಸನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಬೇಕು. ನಿಪ್ಪಾಣಿಯ ಕಡೆ ತಂಬಾಕಿನ ವಖಾರಿಗಳು, ಮನೆ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರು. ಬೀಡಿಯ ಕೂಲಿ ಸಾವಿರದ ಲೆಕ್ಕ. ತಾಯಿಯ ಸಾವಿರ ತುಂಬಬೇಕಾದರೆ ಮಗಳ ಬೆರಳೂ ಸೇರಬೇಕು. ಗಣಿತದ ತಾಸಿನಲ್ಲಿ ಆ ಹುಡುಗಿ ಲೆಕ್ಕದಲ್ಲಿ ದಡ್ಡಿ ಅನ್ನಿಸಿಕೊಳ್ಳುತ್ತಾಳೆ. ಕಟ್ಟಿಗೆ ಇಷ್ಟು ಬೀಡಿ, ಅದರಲ್ಲಿ ತೆಗೆದೊಗೆಯುವುದು ಇಷ್ಟು, ಕೈಗೆ ಬರುವುದು ಇಷ್ಟು ಎಂದು ಅವಳು ಮನೆಯಲ್ಲಿ ಬಾಯಲ್ಲೇ ಹಾಕುವ ಲೆಕ್ಕ ನಮ್ಮ ಪಠ್ಯದಲ್ಲಿಲ್ಲ. ಅಥಣಿಯ ಸಮಗಾರ ಓಣಿಗಳಲ್ಲಿ ಚಪ್ಪಲಿ ಹೊಲಿಯುವ ಮನೆಯ ಹುಡುಗನಿಗೆ ಚರ್ಮದ ಮೇಲೆ ಗೆರೆ ಎಳೆಯುವ ರೇಖಾಗಣಿತ ಗೊತ್ತು. ಆ ಚಪ್ಪಲಿಗೆ ಊರ ಹೆಸರಿಲ್ಲ, ಕೊಲ್ಹಾಪುರದ ಹೆಸರು. ಕೊಲ್ಹಾಪುರಿ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಅಪ್ಪನ ಕೈಗೆ ಪ್ರಮಾಣಪತ್ರ ಬಂತು, ಮಗನ ಕೈಯ ಜಾಣತನಕ್ಕೆ ಸಾಲಿಯಲ್ಲಿ ಇನ್ನೂ ಅಂಕ ಇಲ್ಲ.

ಹಾಜರಿಗಿಂತ ಕ್ರೂರವಾದದ್ದು ಪ್ರವೇಶದ ದಾಖಲೆ. ಅದರಲ್ಲಿ ತಂದೆಯ ಹೆಸರಿಗೆ ಒಂದು ಅಂಕಣ ಇದೆ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ಈ ತಾಲೂಕುಗಳಲ್ಲಿ ಒಬ್ಬಿಬ್ಬರಲ್ಲ. ಬಹುಪಾಲು ನಮ್ಮ ಕೇರಿಗಳವರೇ. ಮುಂಬಯಿ ಸರಕಾರ ೧೯೩೪ರಲ್ಲಿ, ಕರ್ನಾಟಕ ಸರಕಾರ ೧೯೮೨ರಲ್ಲಿ ಕಾಯಿದೆ ಮಾಡಿದವು. ಕಾಯಿದೆ ಮುತ್ತು ಕಟ್ಟುವುದನ್ನು ಅಪರಾಧ ಅಂದಿತು. ಹುಟ್ಟಿದ ಮಗುವಿಗೆ ಮಾತ್ರ ಆ ಖಾಲಿ ಅಂಕಣವೇ ಶಿಕ್ಷೆ ಆಯಿತು. ತಪ್ಪು ಯಾರದು, ಉತ್ತರ ಯಾರು ಕೊಡಬೇಕು?

ನನಗೆ ಮಾರ್ಗದರ್ಶನ ಮಾಡಲು ಒಬ್ಬ ಹಿರಿಯ ಅಕ್ಕೋರು ಇದ್ದರು. ಅವರು ಹಾಜರಿ ಕರೆಯುವಾಗ ಮಗುವಿನ ಹೆಸರು ಮಾತ್ರ ಕರೆಯುತ್ತಿದ್ದರು. ಅಪ್ಪನ ಹೆಸರಿಲ್ಲ, ಅಡ್ಡಹೆಸರಿಲ್ಲ. ಯಾಕೆಂದು ಕೇಳಿದೆ. "ಅಡ್ಡಹೆಸರು ಕರದ್ರ ಕುಲಾ ಕರದಂಗ ಆಕ್ಕೈತಿ ತಮ್ಮಾ. ಅಪ್ಪನ ಹೆಸರು ಕರದ್ರ ಒಂದಿಬ್ರು ತಲಿ ಕೆಳಗ ಹಾಕ್ತಾವು. ಹುಡುಗರು ಬಂದಾವೋ ಇಲ್ಲೋ ನೋಡಾಕ ಅವರ ಹೆಸರು ಸಾಕಾಗತೈತಿ" ಅಂದರು. ಯಾವ ತರಬೇತಿಯಲ್ಲೂ ಹೇಳಿಕೊಡದ ಮಾತು ಇದು. ಇಡೀ ಬಿ.ಎಡ್. ಒಂದು ಕಡೆ, ಈ ಮಾತು ಒಂದು ಕಡೆ ಇಟ್ಟರೆ ತಕ್ಕಡಿ ಯಾವ ಕಡೆ ಬಾಗೀತು ಎಂದು ನೀವೇ ಹೇಳಿ.

ಕೊನೆಯದು ಕುರ್ಚಿ. ವರ್ಗದಲ್ಲಿ ನಲವತ್ತು ಮಕ್ಕಳ ಕಡೆ ಮುಖ ಮಾಡಿ ನಿಂತವನು ಯಾರು?

೧೮೮೨ರಲ್ಲಿ ಜೋತೀರಾವ್ ಫುಲೆ ಹಂಟರ್ ಆಯೋಗದ ಮುಂದೆ ಈ ಪ್ರಶ್ನೆ ಎತ್ತಿದರು. ಪ್ರಾಥಮಿಕ ಸಾಲಿಯ ಮಾಸ್ತರರೆಲ್ಲ ಹೆಚ್ಚುಕಡಿಮೆ ಬ್ರಾಹ್ಮಣರೇ ಆಗಿದ್ದಾರೆ, ರೈತಾಪಿ ಜನರ ಒಳಗಿನಿಂದಲೇ ಮಾಸ್ತರರನ್ನು ತಯಾರು ಮಾಡಿರಿ, ನೇಗಿಲ ಮೇಳಿ ಹಿಡಿಯಲು ನಾಚದವರು, ಮಕ್ಕಳ ಜೊತೆ ಕೂಡಿ ಬೆರೆತು ಅವರ ಬೇಕು ಬೇಡ ತಿಳಿಯುವವರು ಬೇಕು ಎಂಬುದು ಅವರ ವಾದ. ಕುರ್ಚಿಯಲ್ಲಿ ಕೂತವನು ಬದಲಾಗದೆ ಬೆಂಚಿನ ಸಾಲು ಬದಲಾಗುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು.

ಆ ಕುರ್ಚಿಗೆ ಹೋಗುವ ದಾರಿ ನಮ್ಮ ಊರುಗಳ ನಡುವೆಯೇ ಹಾದು ಹೋಗಿದೆ. ೧೯೨೦ರ ಮಾರ್ಚ್‌ನಲ್ಲಿ ನಿಪ್ಪಾಣಿಗೆ ದೂರವಲ್ಲದ ಕಾಗಲ ಜಹಗೀರಿನ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅಂಬೇಡ್ಕರರು ಅಧ್ಯಕ್ಷರು. ಶಾಹೂ ಮಹಾರಾಜರು ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂಬ ಅರ್ಥದ ಮಾತಾಡಿದರು. ೧೯೨೫ರ ಏಪ್ರ‍ಿಲ್‌ನಲ್ಲಿ ನಿಪ್ಪಾಣಿಯಲ್ಲೇ ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತು ಸೇರಿತು. ಅದಕ್ಕೂ ಅಂಬೇಡ್ಕರರೇ ಅಧ್ಯಕ್ಷರು. ತಂಬಾಕಿನ ಘಾಟಿನ ಊರಿಗೆ ಅವತ್ತು ಬೇರೆ ಗಾಳಿ ಬೀಸಿತು. ೧೯೨೮ರಲ್ಲಿ ಅವರು ಕಟ್ಟಿದ ದಲಿತ ವರ್ಗಗಳ ಶಿಕ್ಷಣ ಸಂಸ್ಥೆಗೆ ಐದು ವಸತಿಗೃಹ ನಡೆಸುವ ಹೊಣೆ ಬಂತು. ಪನವೇಲ, ಠಾಣೆ, ನಾಸಿಕ, ಪುಣೆ, ಮತ್ತು ಐದನೆಯದು ಧಾರವಾಡ. ಆ ಧಾರವಾಡದ ವಸತಿಗೃಹವನ್ನು ಬಳವಂತರಾವ್ ವರಾಳೆ ನೋಡಿಕೊಂಡರು. ಗಮನಿಸಿರಿ: ೧೮೫೬ರಲ್ಲಿ ಒಬ್ಬ ಹುಡುಗನಿಗೆ ಬಾಗಿಲು ಹಾಕಿದ ಅದೇ ಧಾರವಾಡದಲ್ಲಿ, ಎಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ, ಅಂಥ ಹುಡುಗರು ಉಂಡು, ಮಲಗಿ, ದೀಪ ಹಚ್ಚಿಕೊಂಡು ಓದುವ ಮನೆ ಎದ್ದಿತು. ಸರಕಾರ ಒಂದು ಅರ್ಜಿಗೆ ಉತ್ತರ ಕೊಡಲಾರದೆ ಹೋಯಿತು. ನಮ್ಮವರು ಹಾಸ್ಟೆಲ್ ಕಟ್ಟಿ ಉತ್ತರ ಕೊಟ್ಟರು.

ನನ್ನಂಥವರು ಇವತ್ತು ಖಡು ಹಿಡಿದು ನಿಲ್ಲುತ್ತೇವೆ ಅಂದರೆ ಇಷ್ಟು ಜನ ಹಿಂದೆ ನಿಂತಿದ್ದಾರೆ. ಆದರೆ ಕುರ್ಚಿಗೆ ತನ್ನದೇ ಒಂದು ಅಭ್ಯಾಸ ಇದೆ. ಯಾರು ಕೂತರೂ ಅವರನ್ನು ತನ್ನಂತೆ ಮಾಡಿಕೊಳ್ಳಲು ನೋಡುತ್ತದೆ. ಮುಂದಿನ ಸಾಲಿನವರಿಗೇ ಪ್ರಶ್ನೆ ಕೇಳು, ಅವರು ಬೇಗ ಉತ್ತರ ಕೊಡುತ್ತಾರೆ, ಪಾಠ ಹೊತ್ತಿಗೆ ಮುಗಿಯುತ್ತದೆ, ಪರೀಕ್ಷಕರು ಅಂಕ ಹಾಕುತ್ತಾರೆ ಎಂದು ಕಿವಿಯಲ್ಲಿ ಹೇಳುತ್ತದೆ. ನಮ್ಮ ಕೇರಿಯಿಂದ ಒಬ್ಬ ಮಾಸ್ತರ ಆದ ಎಂದು ಹಿಗ್ಗುವುದಷ್ಟೇ ಸಾಲದು. ಅವನು ಯಾವ ಸಾಲಿಗೆ ಪ್ರಶ್ನೆ ಕೇಳುತ್ತಾನೆ ಎಂದು ನೋಡಬೇಕು.

ಹಳ್ಳಿಯ ಮಾಸ್ತರರಿಗೆ, ಅಕ್ಕೋರಿಗೆ, ನನ್ನ ಜೊತೆಯ ಪ್ರಶಿಕ್ಷಣಾರ್ಥಿಗಳಿಗೆ ನನ್ನದು ಒಂದೇ ವಿನಂತಿ. ವಾರಕ್ಕೊಮ್ಮೆ ಸಾಲು ಬದಲಿಸಿರಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. ಹೆಸರು ಕರೆಯುವಾಗ ಮಗುವನ್ನು ಕರೆಯಿರಿ, ಅದರ ಕುಲವನ್ನಲ್ಲ. ಇದಿಷ್ಟು ಇವತ್ತಿಗೆ. ಚರಿತ್ರೆಗಾಗಿ ಇನ್ನೊಂದು ಕೆಲಸ ಇದೆ. ನಮ್ಮ ಸೀಮೆಯ ಎಷ್ಟೋ ಕನ್ನಡ ಸಾಲಿಗಳು, ಮರಾಠಿ ಸಾಲಿಗಳು ನೂರು ವರ್ಷ ದಾಟಿವೆ. ಶತಮಾನೋತ್ಸವ ಮಾಡುತ್ತಾರೆ, ಕಮಾನು ಕಟ್ಟುತ್ತಾರೆ, ಇಲ್ಲಿ ಕಲಿತು ಮಂತ್ರಿ ಆದವರಿಗೆ ಶಾಲು ಹೊದಿಸುತ್ತಾರೆ. ಆ ಸಾಲಿಯ ಕಪಾಟಿನಲ್ಲಿ, ಗೆದ್ದಲು ತಿನ್ನದೆ ಉಳಿದಿದ್ದರೆ, ಹಳೆಯ ಜನರಲ್ ರಜಿಸ್ಟರ್ ಇದೆ. ಮಗುವಿನ ಹೆಸರು, ಜಾತಿ, ಸೇರಿದ ದಿನ, ಬಿಟ್ಟ ದಿನ, ಬಿಟ್ಟದ್ದಕ್ಕೆ ಕಾರಣ ಎಲ್ಲ ಅದರಲ್ಲಿ ಬರೆದಿರುತ್ತದೆ. ತೆಗೆದು ಧೂಳು ಝಾಡಿಸಿರಿ. ನಿಮ್ಮ ಸಾಲಿಗೆ ಬಂದ ಮೊದಲ ಹೊಲೆಯರ, ಮಾದರ, ಸಮಗಾರರ ಮಗು ಯಾವುದು? ಮೊದಲ ಹುಡುಗಿ ಯಾರು? ಯಾವ ವರ್ಷ ಬಂದರು, ಯಾವ ವರ್ಗದಲ್ಲಿ ಬಿಟ್ಟರು? ಆ ಮನೆಯವರು ಇನ್ನೂ ಆ ಓಣಿಯಲ್ಲೇ ಇರಬಹುದು. ಹೋಗಿ ಕೇಳಿರಿ, ಬರೆದುಕೊಳ್ಳಿರಿ, ಏಳನೇ ವರ್ಗದ ಮಕ್ಕಳ ಕೈಯಿಂದಲೇ ಬರೆಸಿರಿ.

ಧಾರವಾಡದ ಆ ಹುಡುಗನನ್ನು ಚರಿತ್ರೆ 'ಮಹಾರ ಹುಡುಗ' ಎಂದಷ್ಟೇ ನೆನಪಿಟ್ಟಿದೆ. ಅವನ ಜಾತಿ ನಮಗೆ ಬಾಯಿಪಾಠ ಆಯಿತು, ಹೆಸರು ಆಗಲಿಲ್ಲ. ನಮ್ಮ ಐದು ತಾಲೂಕುಗಳ ಒಂದೊಂದು ಸಾಲಿಯಲ್ಲೂ ಅಂಥ ಒಬ್ಬ ಮೊದಲ ಹುಡುಗ, ಒಬ್ಬಳು ಮೊದಲ ಹುಡುಗಿ ಇದ್ದಾರೆ. ಅವರ ಹೆಸರಾದರೂ ಉಳಿಯಲಿ. ಪುಸ್ತಕ ತೆರೆಯಿರಿ, ಆ ಹೆಸರು ಗಟ್ಟಿಯಾಗಿ ಓದಿರಿ. ಹಿಂದಿನ ಸಾಲಿಗೆ ಕೇಳುವಂತೆ ಓದಿರಿ.